ರತ್ನನ ಪ್ರತಿಜ್ಞೆ

ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಕನ್ನಡ ನಾಡಿನಲ್ಲಿ ಪಂಡಿತ ಪಾಮರರಿಬ್ಬರಿಗೂ ಪ್ರಿಯವಾದ ಕೃತಿ. 1979ರಲ್ಲಿ ಕೀರ್ತಿಶೇಷರಾದ ಈ ಕವಿಗಳು ಹೆಂಡಕುಡುಕ ರತ್ನನ ಬಾಯಲ್ಲಿ ಅವನ ಆಡುಮಾತನ್ನೇ ಇರಿಸಿ ನಾಡನ್ನು ನಗಿಸಿದರು. ಆ ನಗೆಯ ಅಡಿಯಲ್ಲಿ ಒಂದು ಗಂಭೀರವಾದ ಪ್ರಶ್ನೆ ಹುದುಗಿದೆ: ಮನುಷ್ಯನು ಮದ್ಯವನ್ನು ಬಿಡುವುದು ಯಾವ ಬಲದಿಂದ?

ಹೆಂಡ, ಹೆಂಡತಿ, ಕನ್ನಡ ಪದಗಳು, ಈ ಮೂರೂ ರತ್ನನಿಗೆ ಪ್ರಾಣ. ದೇವರೇ ಎದುರಿಗೆ ಬಂದು ಹೆಂಡವನ್ನು ಬಿಡೆಂದರೆ ಬಿಡುವೆನೆನ್ನುತ್ತಾನೆ. ಹೆಂಡತಿಯನ್ನು ಬಿಡೆಂದರೂ ಹಗುರವಾಗಿಯೇ ಒಪ್ಪುತ್ತಾನೆ. ಕನ್ನಡ ಪದಗಳನ್ನು ಬಿಡೆಂದರೆ ಮಾತ್ರ ದೇವರ ಮೇಲೆಯೇ ತಿರುಗಿ ನಿಲ್ಲುತ್ತಾನೆ. ಇಲ್ಲಿ ಕವಿಯು ಕಂಡ ಸತ್ಯವು ದೊಡ್ಡದು. ಆಹಾರವನ್ನು ತೊರೆದವನಿಂದ ವಿಷಯಗಳು ದೂರವಾದರೂ ಅವುಗಳ ರುಚಿಯು ಉಳಿಯುತ್ತದೆ, ಪರವಾದುದನ್ನು ಕಂಡಾಗಲೇ ಆ ರುಚಿಯೂ ಅಳಿಯುತ್ತದೆ ಎಂಬುದು ಗೀತೆಯ ದ್ವಿತೀಯಾಧ್ಯಾಯದ ಉಪದೇಶ. ಹೆಂಡಕ್ಕಿಂತ ಮಿಗಿಲಾದುದೊಂದು ರತ್ನನಿಗೆ ಇದೆ; ಆದುದರಿಂದಲೇ ಹೆಂಡವು ಅವನಿಗೆ ಬಿಡಬಹುದಾದ ವಸ್ತುವಾಗಿ ತೋರುತ್ತದೆ.

ಆದರೆ ಪ್ರತಿಜ್ಞೆಯು ಸಿದ್ಧಿಯಲ್ಲ. ರತ್ನನ ತ್ಯಾಗವು ಮಾತಿನಲ್ಲಿಯೇ ನಿಂತಿದೆ. ಮರುದಿನದ ಸಂಜೆಯನ್ನು ಆ ಪದವು ಕಾಣುವುದಿಲ್ಲ. ಬೇರೆ ಪದಗಳಲ್ಲಿ ಪುಟ್ನಂಜಿಯ ರೂಪವನ್ನು ಬಣ್ಣಿಸಿ ತಣಿಯದವನು ಇಲ್ಲಿ ಅವಳನ್ನು ಹೆಂಡದೊಡನೆ ಒಂದೇ ತಕ್ಕಡಿಯಲ್ಲಿಟ್ಟು ಬಿಟ್ಟುಕೊಡುತ್ತಾನೆ. ಇದನ್ನು ಬರಿಯ ವಿನೋದವೆನ್ನಲಾಗದು. ವ್ಯಸನದ ಲಕ್ಷಣವೇ ಇದು. ಕುಡುಕನ ಮನೆಯಲ್ಲಿ ಬಾಳಿದ ಹೆಣ್ಣುಮಗಳು ಆ ಚರಣಗಳಿಗೆ ಅಷ್ಟು ಸುಲಭವಾಗಿ ನಗಲಾರಳು.

1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ, ಸ್ವತಃ ಮದ್ಯವ್ಯಸನಿಗಳಾಗಿದ್ದ ಬಿಲ್ ವಿಲ್ಸನ್ ಹಾಗೂ ವೈದ್ಯ ಬಾಬ್ ಸ್ಮಿತ್ ಎಂಬವರು ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಸಂಘವನ್ನು ಆರಂಭಿಸಿದರು. 1939ರಲ್ಲಿ ಪ್ರಕಟವಾದ ಅದರ ಗ್ರಂಥವು 12 ಮೆಟ್ಟಿಲುಗಳನ್ನು ಹೇಳುತ್ತದೆ. ದೇವರಿಗೆ ಶರಣಾಗುವುದು ಅವುಗಳಲ್ಲಿ ಮೊದಮೊದಲಿನದು. ತನ್ನಿಂದ ನೊಂದವರನ್ನು ನೆನೆದು, ಮಾಡಿದ ಕೇಡನ್ನು ಸಾಧ್ಯವಾದಷ್ಟು ಸರಿಪಡಿಸುವುದು ಅನಂತರದ್ದು. ನಮ್ಮ ನಾಡಿನಲ್ಲಿ ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳೂ ಇದನ್ನು ಅರಿತಿವೆ. ಶಿಬಿರ ಮುಗಿದ ಮೇಲೂ ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗಲೆಂದು ‘ನವಜೀವನ ಸಮಿತಿ’ಗಳಿವೆ. ರತ್ನನು ದೇವರೆದುರು ನಿಂತನು, ನಂಜಿಯೆದುರು ನಿಲ್ಲಲಿಲ್ಲ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷಿದ್ಧವಾಯಿತು. ತೃಷ್ಣೆಯನ್ನು ನಿಷೇಧಿಸುವ ಶಾಸನವಾದರೋ ಇಲ್ಲ. ರತ್ನನ ಗುಡಿಸಲಿನಲ್ಲಿದ್ದ ವ್ಯಸನವು ಬ್ರೂಕ್‌ಫೀಲ್ಡಿನ ಬಹುಮಹಡಿಯ ಮನೆಯನ್ನೂ ಹೊಗಬಲ್ಲುದು. ಪಾತ್ರೆ ಬೇರೆ, ಪಾನ ಒಂದೇ. ಅಲ್ಲಿಯ ವಾಚಕನಿಗೂ ಈ ಪದಗಳು ಕನ್ನಡಿಯಾಗಬಲ್ಲವು. ಬಿಡುವುದಕ್ಕೆ ಮಿಗಿಲಾದ ಒಂದು ಪ್ರೀತಿ ಬೇಕೆಂಬುದನ್ನು ರಾಜರತ್ನಂ ತೋರಿಸಿದರು. ಆ ಪ್ರೀತಿಯು ಮನೆಯವರ ಕಡೆಗೂ ತಿರುಗಿ ದಿನದಿನವೂ ನಡೆದು ತೋರಬೇಕೆಂಬ ಉತ್ತರಾರ್ಧವನ್ನು ವಾಚಕನು ತನ್ನ ಬಾಳಿನಲ್ಲಿಯೇ ಬರೆಯಬೇಕಾಗಿದೆ.