ತೇವವೂ ಶಾಖವೂ: ಅಸಿಟೇಟ್ ಫಿಲ್ಮನ್ನು ಕುರಿತ ಒಂದು ಕೈಪಿಡಿಯ ವಿಮರ್ಶೆ

ಸಸ್ಯಮೂಲದ ಪ್ಲಾಸ್ಟಿಕ್ಕುಗಳಲ್ಲಿ ಸೆಲ್ಯುಲೋಸ್ ಅಸಿಟೇಟ್ ಹಳೆಯ ತಲೆಮಾರಿಗೆ ಸೇರಿದುದು. ಮರದ ತಿರುಳು, ಹತ್ತಿಬೀಜಕ್ಕೆ ಅಂಟಿಕೊಂಡ ಕಿರುನಾರು, ಇವೇ ಅದರ ಮೂಲದ್ರವ್ಯಗಳು. ಚಲಚ್ಚಿತ್ರದ ಸುರುಳಿಗಳು, ಛಾಯಾಚಿತ್ರದ ನೆಗೆಟಿವ್‌ಗಳು, ಗ್ರಂಥಾಲಯಗಳ ಮೈಕ್ರೋಫಿಲ್ಮುಗಳು ಹೀಗೆ ಕಳೆದ ಶತಮಾನದ ದಾಖಲೆಗಳಲ್ಲಿ ಎಷ್ಟೋ ಭಾಗ ಇದನ್ನೇ ಆಶ್ರಯಿಸಿದೆ. ಈ ವಸ್ತುವಿನ ಬಾಳಿಕೆಯನ್ನು ಕುರಿತು ಜೇಮ್ಸ್ ರೈಲಿಯವರು ರಚಿಸಿ, ಅಮೆರಿಕದ ರಾಚೆಸ್ಟರ್ ನಗರದ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ 1993ರಲ್ಲಿ ಪ್ರಕಟಿಸಿದ ‘ಐಪಿಐ ಸ್ಟೋರೇಜ್ ಗೈಡ್ ಫಾರ್ ಅಸಿಟೇಟ್ ಫಿಲ್ಮ್’ ಎಂಬ ಕಿರುಹೊತ್ತಗೆ ಸಂರಕ್ಷಣಕಾರರಲ್ಲಿ ಆಧಾರಗ್ರಂಥದ ಮನ್ನಣೆ ಪಡೆದಿದೆ. ಅದರ ಗುಣವೇನು, ಮಿತಿಯೇನು, ನಮ್ಮ ಹವೆಗೆ ಅದು ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಪ್ರಶ್ನೆ ನಮಗೆ ಪರಕೀಯವಾದುದಲ್ಲ. ಸುಲಭವಾಗಿ ಹೊತ್ತಿಕೊಳ್ಳುತ್ತಿದ್ದ ನೈಟ್ರೇಟ್ ಫಿಲ್ಮಿಗೆ ಬದಲಾಗಿ 1948ರಲ್ಲಿ ಈಸ್ಟ್‌ಮನ್ ಕೊಡಕ್ ಸಂಸ್ಥೆಯು ಟ್ರೈಅಸಿಟೇಟ್ ಫಿಲ್ಮನ್ನು ಬಳಕೆಗೆ ತಂದಿತು. ಅದು ಕೆಡುತ್ತಿದೆಯೆಂಬ ಮೊದಲ ವರದಿ ಹತ್ತು ವರ್ಷ ತುಂಬುವ ಮೊದಲೇ ಆ ಸಂಸ್ಥೆಗೆ ತಲುಪಿದುದು ಭಾರತ ಸರ್ಕಾರದಿಂದ. ಇಲ್ಲಿಯ ಫಿಲ್ಮುಗಳು ಸೆಕೆಯೂ ತೇವವೂ ತುಂಬಿದ ಸ್ಥಳಗಳಲ್ಲಿದ್ದುವು.

ಕೆಡುವ ಕ್ರಮ ಹೀಗಿದೆ. ಸೆಲ್ಯುಲೋಸಿನ ಅಣುವಿನಲ್ಲಿ ನೀರನ್ನು ಸೆಳೆಯುವ ಹೈಡ್ರಾಕ್ಸಿಲ್ ಗುಂಪುಗಳು ಹೇರಳವಾಗಿವೆ. ಅಸಿಟೇಟನ್ನು ತಯಾರಿಸುವಾಗ ಅವುಗಳಲ್ಲಿ ಬಹುಪಾಲಿನ ಸ್ಥಾನವನ್ನು ಅಸಿಟೈಲ್ ಗುಂಪುಗಳು ಆಕ್ರಮಿಸುವುದರಿಂದ ನೀರಿನ ಸೆಳೆತ ತಗ್ಗುತ್ತದೆ, ಆದರೆ ಅಳಿಯುವುದಿಲ್ಲ. ಒಳಹೊಕ್ಕ ತೇವವು ಅಸಿಟೈಲ್ ಗುಂಪನ್ನು ಬಿಡಿಸಿದಾಗ ಅಸಿಟಿಕ್ ಆಮ್ಲ ಹುಟ್ಟುತ್ತದೆ. ವಿನಿಗರಿನ ಹುಳಿವಾಸನೆಗೆ ಇದೇ ಕಾರಣ. ಹುಟ್ಟಿದ ಆಮ್ಲವು ಅದೇ ಕ್ರಿಯೆಯನ್ನು ಮತ್ತಷ್ಟು ತ್ವರೆಗೊಳಿಸುತ್ತದೆ; ಬಿಡುಗಡೆಗೊಂಡ ಹೈಡ್ರಾಕ್ಸಿಲ್ ಇನ್ನಷ್ಟು ನೀರನ್ನು ಸೆಳೆಯುತ್ತದೆ. ಶಾಖವು ಇದರ ಪ್ರತಿ ಹೆಜ್ಜೆಯನ್ನೂ ಚುರುಕುಗೊಳಿಸುತ್ತದೆ. ಕಡೆಗೆ ಫಿಲ್ಮು ಕುಗ್ಗಿ, ಸುಕ್ಕುಗಟ್ಟಿ, ಚಿತ್ರವನ್ನು ಹೊತ್ತ ಜೆಲಟಿನ್ ಪದರದಿಂದ ಬೇರ್ಪಡುತ್ತದೆ.

ರೈಲಿಯವರ ಕೈಪಿಡಿಯ ಹಿರಿಮೆ ಇರುವುದು ತೇವಕ್ಕೊಂದು, ಶಾಖಕ್ಕೊಂದು ಎಂದು ಬೇರೆಬೇರೆ ಎಚ್ಚರಿಕೆ ಕೊಡದೆ, ಎರಡನ್ನೂ ಒಂದೇ ಚಕ್ರದಲ್ಲಿ ಕೂಡಿಸಿದುದರಲ್ಲಿ. ಇಂಥ ಉಷ್ಣತೆ, ಇಂಥ ಸಾಪೇಕ್ಷ ಆರ್ದ್ರತೆ ಎಂದು ಚಕ್ರವನ್ನು ತಿರುಗಿಸಿದರೆ, ಹೊಸ ಫಿಲ್ಮಿನಲ್ಲಿ ಶಿಥಿಲತೆ ತೊಡಗಲು ಹಿಡಿಯುವ ವರ್ಷಗಳು ದೊರೆಯುತ್ತವೆ. 21 ಡಿಗ್ರಿ ಸೆಲ್ಸಿಯಸ್ ಮತ್ತು ಶೇಕಡ 50 ಆರ್ದ್ರತೆಯಲ್ಲಿ ಆ ಅವಧಿ ಸುಮಾರು 40 ವರ್ಷ. ಕೆಡುವ ಕಾರಣವೇ ಎರಡರ ಕೂಡಾಟವಾಗಿರುವಾಗ, ಅದನ್ನು ಅಳೆಯುವ ಸಾಧನವೂ ಕೂಡಿಸಿಯೇ ಅಳೆಯಬೇಕೆಂಬ ತತ್ತ್ವ ಇಲ್ಲಿ ಮೂರ್ತಗೊಂಡಿದೆ.

ಮಿತಿಗಳೂ ಉಂಟು. ಮೊದಲನೆಯದಾಗಿ, ಇವು ಶೀಘ್ರ ಜೀರ್ಣತೆಯ ಪ್ರಯೋಗಗಳಿಂದ ಊಹಿಸಿದ ಅಂದಾಜುಗಳು. ಕೈಪಿಡಿಯು ಅದನ್ನು ಮರೆಮಾಚುವುದಿಲ್ಲ. ಓದುಗರೇ 40 ವರ್ಷವನ್ನು ವಾಗ್ದಾನವೆಂದು ಭಾವಿಸುವ ಅಪಾಯವಿದೆ. ಎರಡನೆಯದಾಗಿ, ಚಕ್ರವು ರಾಸಾಯನಿಕ ಶಿಥಿಲತೆಯೊಂದನ್ನೇ ಎಣಿಸುತ್ತದೆ. ಜೆಲಟಿನ್ನಿನ ಮೇಲೆ ಬೆಳೆಯುವ ಬೂಷ್ಟನ್ನಲ್ಲ. ಮೂರನೆಯದು ನಮಗೆ ಮುಖ್ಯವಾದುದು. ಆರ್ದ್ರತೆಯ ಗಣನೆ ಶೇಕಡ 80ಕ್ಕೆ ನಿಲ್ಲುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯ ತೇವ ಅನೇಕ ದಿನ ಆ ಎಲ್ಲೆಯನ್ನು ಮೀರಿರುತ್ತದೆ. ನೆರವು ಎಲ್ಲಿ ಅತ್ಯವಶ್ಯಕವೋ ಅಲ್ಲಿಯೇ ಚಕ್ರ ಮೌನವಾಗುತ್ತದೆ.

ಈ ತತ್ತ್ವವನ್ನು ಅರೆಬರೆಯಾಗಿ ಗ್ರಹಿಸಿದರೆ ಹಾನಿಯೂ ಆಗಬಹುದು. ತಂಪು ಒಳ್ಳೆಯದೆಂದು ಕೋಣೆಯನ್ನು ತಣಿಸುವುದಷ್ಟೇ ಸಾಲದು. 30 ಡಿಗ್ರಿಯ, ಶೇಕಡ 60 ಆರ್ದ್ರತೆಯ ಗಾಳಿಯನ್ನು ಅದರ ತೇವ ತೆಗೆಯದೆ 21 ಡಿಗ್ರಿಗೆ ಇಳಿಸಿದರೆ ಅದು ಸಂತೃಪ್ತವಾಗುತ್ತದೆ. ಆದುದರಿಂದ ತಣಿಸುವುದೂ ಒಣಗಿಸುವುದೂ ಜೊತೆಗೂಡಿ ನಡೆಯಬೇಕು. ಅಲ್ಪ ಹಣದ ಕಾಲೇಜು ಗ್ರಂಥಾಲಯ ಮೊದಲು ಕೊಳ್ಳಬೇಕಾದುದು ಉಷ್ಣಮಾಪಕವನ್ನೊಂದೇ ಅಲ್ಲ, ಆರ್ದ್ರತಾಮಾಪಕವನ್ನೂ.

ಇಂದಿನ ಸಸ್ಯಮೂಲ ಪ್ಲಾಸ್ಟಿಕ್ಕುಗಳ ಗುಣಪಟ್ಟಿಗಳನ್ನು ಈ ಬೆಳಕಿನಲ್ಲಿ ಓದುವುದು ಉಚಿತ. ಜೋಳ, ಕಬ್ಬು ಮುಂತಾದುವುಗಳಿಂದ ತಯಾರಾಗುವ ಪಾಲಿಲ್ಯಾಕ್ಟಿಕ್ ಆಮ್ಲವು ಹೀರುವ ನೀರು ಸಾಮಾನ್ಯವಾಗಿ ಶೇಕಡ 1ಕ್ಕೂ ಕಡಮೆ. ಅದು ಮೆತ್ತಗಾಗತೊಡಗುವುದು 55ರಿಂದ 60 ಡಿಗ್ರಿಯ ಸುಮಾರಿನಲ್ಲಿ. ಪಟ್ಟಿಯಲ್ಲಿ ಇವೆರಡೂ ಬೇರೆಬೇರೆ ಅಂಕಣಗಳಲ್ಲಿರುತ್ತವೆ. ನೀರು ಅಲ್ಪವೆಂದು ವಿದ್ಯಾರ್ಥಿ ನಿಶ್ಚಿಂತನಾಗಬಹುದು. ಆದರೆ ಕರಗಿಸಿ ಅಚ್ಚೊತ್ತುವ ಮುನ್ನ ಆ ಕಾಳುಗಳನ್ನು ಚೆನ್ನಾಗಿ ಒಣಗಿಸದಿದ್ದರೆ, ಸುಮಾರು 200 ಡಿಗ್ರಿಯ ಶಾಖದಲ್ಲಿ ಅತ್ಯಲ್ಪ ತೇವವೂ ಅಣುಸರಪಳಿಗಳನ್ನು ಕತ್ತರಿಸುತ್ತದೆ. ಮಿಶ್ರಗೊಬ್ಬರದ ಕಾರ್ಖಾನೆಯಲ್ಲಿ ಇದೇ ವಸ್ತು ಕರಗಿಹೋಗುವುದೂ 60 ಡಿಗ್ರಿಗೆ ಸಮೀಪದ ಒದ್ದೆ ಬಿಸಿಯಲ್ಲಿಯೇ. ನೀರಿನ ಪ್ರಮಾಣವೊಂದನ್ನೇ ನೋಡಿ ಬಾಳಿಕೆಯನ್ನು ನಿರ್ಣಯಿಸಲಾಗದು. ಆ ನೀರು ಯಾವ ಶಾಖದಲ್ಲಿ, ಎಷ್ಟು ಕಾಲ ಕೆಲಸ ಮಾಡಿತೆಂಬುದನ್ನೂ ಕೇಳಬೇಕು.

1993ರ ಈ ಕೈಪಿಡಿ ನಮ್ಮ ಅಧ್ಯಾಪಕರ ಮೇಜಿನ ಮೇಲೆ ಇರತಕ್ಕುದು. ಅದರ ಅಂಕಿಗಳನ್ನು ಎಚ್ಚರಿಕೆಯಿಂದಲೂ ಅದರ ವಿಧಾನವನ್ನು ನಿಸ್ಸಂಕೋಚವಾಗಿಯೂ ಸ್ವೀಕರಿಸಬಹುದು. ಶೇಕಡ 80ರ ಆಚೆಯ ಮನೆಗಳನ್ನು ತುಂಬುವ ಅಳತೆಯ ಕಾರ್ಯಕ್ಕೆ ಕರಾವಳಿಯ ಪ್ರಯೋಗಶಾಲೆಗಳಿಗಿಂತ ತಕ್ಕ ಸ್ಥಳ ವಿರಳ.