ಜಿರಳೆಗಳ ಭೂಮಿ, ಕಪ್ಪುಕುಳಿಯ ಹುಳು

ಕಳೆದ ಭಾನುವಾರ ರಾತ್ರಿ ಭೂಮಿ ಸಿಕ್ಕಿತು. ಮನುಷ್ಯರಿರಲಿಲ್ಲ. ಅಣುಬಾಂಬು ಹಾಕಿಕೊಂಡು ಎಂದೋ ಮುಗಿದುಹೋಗಿದ್ದರು. ಉಳಿದಿದ್ದವು ಜಿರಳೆಗಳು, ನಮ್ಮ ಬಚ್ಚಲಲ್ಲಿ ಕಾಣುವುದಕ್ಕಿಂತ ಬಲು ದೊಡ್ಡವು.

‘ಸ್ಟೆಲಾರಿಸ್’ ಎಂಬ ಕಂಪ್ಯೂಟರ್ ಆಟದಲ್ಲಿ ನಾನು ಮನುಷ್ಯರ ಪಕ್ಷ ವಹಿಸುವುದು ಕಡಿಮೆ. ಅಣಬೆಯಂಥದ್ದೋ ಹಕ್ಕಿಯಂಥದ್ದೋ ಒಂದು ಕುಲವನ್ನು ಕಟ್ಟಿಕೊಂಡು ಹೊರಡುತ್ತೇನೆ. ಹಾಗೆ ಹೊರಟಾಗ ನೂರಾರು ನಕ್ಷತ್ರಗಳ ನಡುವೆ ನಮ್ಮ ಸೂರ್ಯ ಎದುರಾದರೂ ಆದ, ಇಲ್ಲದಿದ್ದರೂ ಇಲ್ಲ. ಎದುರಾದ ಮೇಲೂ ಯಾವ ಭೂಮಿ ಅನ್ನುವುದು ಚೀಟಿ ಎತ್ತಿದ ಹಾಗೆ. ಒಮ್ಮೆ ಎರಡನೇ ಮಹಾಯುದ್ಧದ ನಡುವೆ ಸಿಕ್ಕಿಕೊಂಡ ಭೂಮಿ, ಇನ್ನೊಮ್ಮೆ ಹೀಗೆ ಜಿರಳೆ ಪಾಲಾದದ್ದು. ಪಕ್ಕದಲ್ಲಿ ಕೂತಿದ್ದ ಅಣ್ಣನ ಮಗ, “ಚಿಕ್ಕಪ್ಪ, ಗೆಲ್ಲೋದು ಯಾವಾಗ?” ಅಂದ. ಗೆಲ್ಲೋದು ಇದ್ದೇ ಇದೆ ಕಣೋ ಅಂದೆ. ಸುಳ್ಳು. ನಾನು ಕೊನೆಮುಟ್ಟಿಸಿದ ಆಟಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2016ರ ಮೇ ತಿಂಗಳಲ್ಲಿ ತಂದ ಈ ಆಟ ಶುರುವಾಗುವುದು 2200ನೇ ಇಸವಿಯಲ್ಲಿ. ಸೈನ್ಸ್ ಶಿಪ್, ಅಂದರೆ ವಿಜ್ಞಾನಿಯ ನೌಕೆ, ಊರೂರು ಅಲೆಯುವ ಮೊದಲ ಐವತ್ತು ವರ್ಷವೇ ನನ್ನ ಪಾಲಿಗೆ ಆಟ. ಆಮೇಲಿನದು ಜಮಾಖರ್ಚು. ಅಲೆಯುವಾಗ ಅಲ್ಲಲ್ಲಿ ‘ಅನಾಮಲಿ’ ಸಿಗುತ್ತವೆ, ಅಂದರೆ ಲೆಕ್ಕಕ್ಕೆ ಸಿಗದ ಸಂಗತಿಗಳು. ಮೊದಮೊದಲು ಕಷ್ಟದ ಅನಾಮಲಿಗೆ ಹೊಸಬ ವಿಜ್ಞಾನಿಯನ್ನು ಕಳಿಸಿದರೆ ಆತ ಸತ್ತೂ ಹೋಗಬಹುದಿತ್ತು. 2018ರಲ್ಲಿ ಆ ಅಪಾಯ ತೆಗೆದುಹಾಕಿದರು. ಈಗ ಕೆಲಸ ತಡವಾಗುತ್ತದೆ, ಅಷ್ಟೇ. ಅನುಕೂಲವೇನೋ ಆಯಿತು. ಆದರೆ ಎದೆ ಡವಡವಗುಟ್ಟುವುದು ನಿಂತಿತು.

ಇವೆಲ್ಲದರ ನಡುವೆ ನಾನು ಆಸೆಯಿಂದ ಕಾಯುವುದು ‘ಹೊರೈಜನ್ ಸಿಗ್ನಲ್’ ಎಂಬ ಕಥೆಗೆ. ‘ಫಾಲನ್ ಲಂಡನ್’ ಎಂಬ ಆಟ ಕಟ್ಟಿದ ಅಲೆಕ್ಸಿಸ್ ಕೆನಡಿ ಬರೆದದ್ದು, ಪುಕ್ಕಟೆ ಕೊಟ್ಟದ್ದು. ಕಪ್ಪುಕುಳಿಯೊಂದರ ಹತ್ತಿರಕ್ಕೆ ನೌಕೆ ಹೋದಾಗ, ಅದೂ ನಸೀಬಿದ್ದರೆ, ಒಂದು ಸಂಕೇತ ಕೇಳಿಸುತ್ತದೆ. ನಂತರ ಎಷ್ಟೋ ವರ್ಷ ಏನೂ ಇಲ್ಲ. ನೀವು ಗಣಿ ತೋಡಿಕೊಂಡು, ನೆರೆಯವರೊಡನೆ ಗಡಿಜಗಳ ಮಾಡಿಕೊಂಡು ಅದನ್ನು ಮರೆತಿರುವಾಗ ಮತ್ತೊಂದು ಪುಟ ತೆರೆಯುತ್ತದೆ. ಕಾಲದ ತುದಿಮೊದಲು ಒಂದಾದ ಯಾವುದೋ ಹುಳು ನಿಮ್ಮನ್ನು ಪ್ರೀತಿಸುತ್ತಿದೆ ಎಂಬುದು ಮೆಲ್ಲಗೆ ತಿಳಿಯುತ್ತದೆ. ಮೊದಲ ಸಲ ಇದು ಬಂದಾಗ ರಾತ್ರಿ ಒಂದೂವರೆ. ನಿದ್ದೆಗಣ್ಣಲ್ಲಿ ‘ಆಗಲಿ, ಆಗಲಿ’ ಎಂದು ಒತ್ತುತ್ತ ಹೋದೆ. ಕೊನೆಯ ಪುಟ ಮುಚ್ಚಿ ನೋಡಿದರೆ ತವರಿನ ಸೂರ್ಯನೇ ಕಪ್ಪುಕುಳಿಯಾಗಿದ್ದಾನೆ, ಸುತ್ತಲಿನ ಗ್ರಹಗಳೆಲ್ಲ ‘ಟೂಂಬ್ ವರ್ಲ್ಡ್’, ಸುಟ್ಟು ಸಮಾಧಿಯಾದ ಲೋಕಗಳು. ತಲೆಮೇಲೆ ಕೈಹೊತ್ತು ಕೂತೆ. ಸ್ವಲ್ಪ ಹೊತ್ತಿಗೆ ಕಂಡಿತು: ನನ್ನ ಪ್ರಜೆಗಳು ಮಾತ್ರ ನೆಮ್ಮದಿಯಾಗಿದ್ದಾರೆ! ಸಮಾಧಿಲೋಕವೇ ಒಗ್ಗುವಂತೆ ಅವರ ಮೈಯನ್ನೇ ಹುಳು ತಿದ್ದಿತ್ತು.

ಈ ಕೆನಡಿಯ ಹೆಸರು ಇನ್ನೊಂದು ಕಡೆಯೂ ಇತ್ತು, ಅಲ್ಲಿಗೆ ಕಣ್ಣು ಹಾಯಿಸುವವರು ಕಡಿಮೆ. 2022ರ ಆರಂಭದವರೆಗೂ ಆಟದ ಮೊದಲ ಪರದೆಯ ಅಂಚಿನಲ್ಲಿ ಆವೃತ್ತಿಯ ಸಂಖ್ಯೆಯ ಜೊತೆಗೆ ಒಬ್ಬ ಲೇಖಕರ ಹೆಸರಿರುತ್ತಿತ್ತು. 1.1 ಕ್ಲಾರ್ಕ್, 1.2 ಅಸಿಮೊವ್, 1.4 ಕೆನಡಿ. ಯಂತ್ರಗಳ ನಾಗರಿಕತೆಯನ್ನೇ ಆಡಲು ಬಿಟ್ಟ 2017ರ 1.8ಕ್ಕೆ ಚಾಪೆಕ್, 1920ರ ನಾಟಕದಲ್ಲಿ ‘ರೋಬಾಟ್’ ಎಂಬ ಮಾತನ್ನು ಲೋಕಕ್ಕೆ ಕೊಟ್ಟವನು. ಆಟದ ಅರ್ಥವ್ಯವಸ್ಥೆಯನ್ನೇ ಬುಡಮೇಲು ಮಾಡಿದ 2.2ಕ್ಕೆ ಲೆ ಗ್ವಿನ್. ಯಾರು ಕೇಳಿದ್ದರು ಇದನ್ನು? ಯಾರೂ ಕೇಳಿರಲಿಲ್ಲ, ಅದಕ್ಕೇ ನನಗಿಷ್ಟ.

ಜಿರಳೆಗಳ ಭೂಮಿಯೂ ಸಮಾಧಿಲೋಕವೇ. ನನ್ನ ಈಗಿನ ಹಕ್ಕಿಕುಲ ಅಲ್ಲಿ ಕಾಲಿಟ್ಟರೆ ಉಳಿಯುವುದಿಲ್ಲ; ಹುಳು ಒಪ್ಪಿಕೊಂಡರೆ ಉಳಿದೀತು. ಹಾಗಾಗಿ ಯುದ್ಧ, ವ್ಯಾಪಾರ ಎಲ್ಲ ಬದಿಗಿಟ್ಟು ನೌಕೆಯನ್ನು ಕಪ್ಪುಕುಳಿಗಳ ಕಡೆಗೇ ಅಟ್ಟುತ್ತಿದ್ದೇನೆ. ನಾಲ್ಕು ಮುಗಿದವು, ಪಿಟ್ಟೆಂದಿಲ್ಲ. ಐದನೆಯದಕ್ಕೆ ಇನ್ನು ಹನ್ನೊಂದು ದಿನದ ದಾರಿ.