ಪಾಕಗ್ರಂಥಗಳ ಎಲ್ಲೆ

ಮೂಡಬಿದಿರೆಯ ರತ್ನಾಕರವರ್ಣಿಯು 16ನೆಯ ಶತಮಾನದಲ್ಲಿ ಭರತೇಶನ ಭೋಜನವನ್ನು ವರ್ಣಿಸಿದನು. ಅದೇ ಶತಮಾನದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ರಚಿಸಿದನು. ಜೈನಮತಾನುಗುಣವಾಗಿ ಮಂಗರಸನು ಮೀನುಮಾಂಸಗಳನ್ನು ಬಿಟ್ಟಿರುವುದು ದೋಷವೆನಿಸದು. ಆದರೆ ಈ ಪರಂಪರೆಯೊಂದನ್ನೇ ಕನ್ನಡನಾಡಿನ ಪಾಕಶಾಸ್ತ್ರವೆಂದು ವಿಮರ್ಶಕರು ಎಣಿಸುವುದು ಯುಕ್ತವಲ್ಲ. ಬಂಟ್ವಾಳದ ಕೊರಗರ, ಬೆಳ್ತಂಗಡಿಯ ಮಲೆಕುಡಿಯರ ಒಲೆಗಳಿಗೆ ಅದರಲ್ಲಿ ಎಡೆಯಿಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸುತ್ತಿದ್ದ ಅಜಲು ಪದ್ಧತಿಯನ್ನು 2000ದ ಅಧಿನಿಯಮವು ನಿಷೇಧಿಸಿತು. ಹೀಗೆ ಅವರು ಉಂಡ ಅಪಮಾನವು ಶಾಸನದಲ್ಲಿ ದಾಖಲಾಯಿತು. ಅವರ ನಾಲಗೆಯ ರುಚಿಯು ಈ ಗ್ರಂಥಗಳಲ್ಲಿ ದಾಖಲಾಗದೆ ಉಳಿಯಿತು. ಮರಾಠಿಯಲ್ಲಿ ಶಾಹು ಪಾಟೋಳೆಯವರು 2015ರಲ್ಲಿ ದಲಿತರ ಅಡುಗೆಯನ್ನು ಕುರಿತು ಒಳಗಿನವರಾಗಿಯೇ ಬರೆದರು. ಉಂಡವರೇ ಬರೆದ ಅಂತಹ ಕೃತಿಗಳು ಮಂಗರಸನ ಪಕ್ಕದಲ್ಲಿ ಪಾಠವಾದಾಗಲೇ ಸೂಪಶಾಸ್ತ್ರವೆಂಬ ಹೆಸರು ನಾಡಿಗೆಲ್ಲ ಸಲ್ಲುವುದು.